ಹೊಸ ಚಿತ್ರಕ್ಕೆ ಹಳೆಯ ಬಣ್ಣ

2024ರಲ್ಲಿ ನಮ್ಮ ಕಾಲೇಜಿನಲ್ಲಿ ಹಳೆಯ ಛಾಯಾಚಿತ್ರಗಳ ಪ್ರದರ್ಶನವೊಂದು ಏರ್ಪಟ್ಟಿತ್ತು. ಕಂದು ಬಣ್ಣದ ಒಂದು ಚಿತ್ರದ ಮುಂದೆ ನಿಂತು, ಇದು ಐವತ್ತು ವರ್ಷಗಳ ಹಿಂದಿನದಿರಬೇಕೆಂದು ನಾವು ಜೊತೆಯವರಿಗೆ ಹೇಳುತ್ತಿದ್ದೆವು. ಪಕ್ಕದಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ನಕ್ಕಳು. ಹಿಂದಿನ ವಾರವಷ್ಟೇ ಅದನ್ನು ಮೊಬೈಲಿನಲ್ಲಿ ತೆಗೆದು, ಒಂದು ಫಿಲ್ಟರಿನಿಂದ ಅದಕ್ಕೆ ಮುಪ್ಪು ಬರಿಸಿದವಳು ಅವಳೇ! ಭೌತಶಾಸ್ತ್ರವನ್ನು ಬೋಧಿಸುವ ನಾವೇ ಮೋಸಹೋಗಿದ್ದೆವು.

ಆಟವೆಂದು ನಕ್ಕುಬಿಡಬಹುದಾಗಿತ್ತು. ಆದರೆ ಛಾಯಾಚಿತ್ರವು ಸಾಕ್ಷಿಯೂ ಹೌದಷ್ಟೆ? ಇನ್ನು ಇಪ್ಪತ್ತು ವರ್ಷಗಳ ಮೇಲೆ ಯಾರಾದರೂ ಕಾಲೇಜಿನ ಚರಿತ್ರೆಯನ್ನು ಅದರಿಂದಲೇ ಓದಿಕೊಂಡರೆ?

ಫಿಲ್ಮಿನ ಮೇಲಿರುವುವು ಬೆಳ್ಳಿಯ ಹ್ಯಾಲೈಡಿನ ಸೂಕ್ಷ್ಮ ಹರಳುಗಳು. ಅವೆಲ್ಲ ಒಂದೇ ಗಾತ್ರದವಲ್ಲ. ದೊಡ್ಡವು ಅಲ್ಪ ಬೆಳಕಿಗೇ ಎಚ್ಚರಗೊಳ್ಳುವುವು. ಸಣ್ಣವಕ್ಕೆ ಹೆಚ್ಚು ಬೆಳಕು ಬೇಕು. ಆದುದರಿಂದ ಬೆಳಕು ಏರಿದಂತೆ ಫಿಲ್ಮು ಒಮ್ಮೆಲೇ ತುಂಬಿಹೋಗದೆ ಮೆಲ್ಲಮೆಲ್ಲನೆ ದಣಿಯುತ್ತದೆ. ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ಪ್ರಕಟಿಸಿದ ವಕ್ರರೇಖೆಯ ಮೇಲ್ತುದಿ ಬಾಗಿರುವುದು ಈ ದಣಿವಿನಿಂದಲೇ. ಡಿಜಿಟಲ್ ಕ್ಯಾಮೆರಾದ ಸಂವೇದಕವಾದರೋ, ಬಿದ್ದ ಬೆಳಕಿಗೆ ಅನುಪಾತದಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಡುವ ಕೊಡಗಳ ಸಾಲು. ಕೊಡ ತುಂಬಿದ ಮೇಲೆ ಸುರಿದುದೆಲ್ಲ ವ್ಯರ್ಥ. ಬಿಸಿಲಿಗೆ ಪೂರ್ತಿ ಬಿಳಿಚಿಹೋದ ಸುಣ್ಣದ ಗೋಡೆಯ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಊಹಿಸಿ ತುಂಬಬಹುದು, ಅಷ್ಟೆ. ಫಿಲ್ಮಿನ ಮೃದುತ್ವ ಬೇಕೆನ್ನುವವರು ಚಿತ್ರ ತೆಗೆಯುವಾಗಲೇ ಬೆಳಕನ್ನು ತುಸು ಕಡಿಮೆ ಕೊಡಬೇಕು.

ಕಣಗಳ ಮಾತೂ ಹೀಗೆಯೇ. ಫಿಲ್ಮಿನಿಂದ ಮುದ್ರಿಸಿದ ಕಪ್ಪುಬಿಳುಪು ಚಿತ್ರದಲ್ಲಿ ಅವು ಬೂದು ಭಾಗಗಳಲ್ಲಿ ಎದ್ದು ಕಾಣುವುವು; ಅಚ್ಚಬಿಳಿಯಲ್ಲಿ, ಕಡುಗಪ್ಪಿನಲ್ಲಿ ಕಾಣವು. ಸಾಮಾನ್ಯ ಫಿಲ್ಟರುಗಳು ರಾಗಿಹಿಟ್ಟು ಚೆಲ್ಲಿದಂತೆ ಎಲ್ಲೆಡೆಯೂ ಒಂದೇ ಸಮನಾಗಿ ಎರಚುವುವು. ಭೂತಗನ್ನಡಿಯಿಂದ ನೋಡಿದೆವು: ಆ ಚಿತ್ರದ ಅಚ್ಚಬಿಳಿಯ ಆಕಾಶದಲ್ಲಿಯೂ ಕಣಗಳಿದ್ದುವು. ಮೊದಲೇ ನೋಡಬೇಕಾಗಿತ್ತು.

ಇನ್ನು ಆ ಕಂದು ಬಣ್ಣ! ಅದನ್ನು ಯಾವಾಗಲೂ ಮುಪ್ಪಿನ ಗುರುತೆಂದು ತಿಳಿಯುವುದೇ ತಪ್ಪು. ಹಿಂದೆ ಎಷ್ಟೋ ಚಿತ್ರಗಳಲ್ಲಿ ಬೆಳ್ಳಿಯನ್ನು ಬೇಕೆಂದೇ ಬೆಳ್ಳಿಯ ಸಲ್ಫೈಡನ್ನಾಗಿ ಮಾರ್ಪಡಿಸುತ್ತಿದ್ದರು. ಅದರ ಬಣ್ಣ ಕಂದು. ಬಾಳಿಕೆ ಬೆಳ್ಳಿಗಿಂತ ಹೆಚ್ಚು. ಚಿತ್ರವು ಕೆಡದಿರಲೆಂದು ಮಾಡುತ್ತಿದ್ದ ಉಪಾಯವು ಇಂದು ಚಿತ್ರವು ಹಳತಾಯಿತೆಂದು ನಂಬಿಸುವ ವೇಷವಾಗಿದೆ.

ಫಿಲ್ಟರುಗಳನ್ನು ಮುಟ್ಟಲೇಬಾರದೆಂಬುದು ನಮ್ಮ ವಾದವಲ್ಲ. ಮೂಲ ಚಿತ್ರವನ್ನು ಅಳಿಸದೆ ಇಟ್ಟುಕೊಳ್ಳಿರಿ. ಮಾರ್ಪಡಿಸಿದ ಪ್ರತಿಯ ಅಡಿಯಲ್ಲಿ ತೆಗೆದ ವರ್ಷವನ್ನು ಬರೆಯಿರಿ. ಆ ವಿದ್ಯಾರ್ಥಿನಿಯ ಚಿತ್ರವು ಈಗಲೂ ನಮ್ಮ ಕಾಲೇಜಿನ ಗೋಡೆಯ ಮೇಲಿದೆ. ಕೆಳಗೆ ಅವಳ ಕೈಬರಹದಲ್ಲಿಯೇ ‘2024’ ಎಂದಿದೆ.