ಸರ್ಟಿಫಿಕೇಟಿನ ಕಿಲೋಮೀಟರ್, ಜತ್ತದ ರಸ್ತೆ

ಈಗ ನಮ್ಮ ಮದುವೆ ಮನೆಗಳಲ್ಲಿ ಊಟ ಮುಗಿಸಿ ನಾಲ್ಕು ಹುಡುಗರು ಒಟ್ಟಿಗೆ ನಿಂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿನ್ನ ಇವಿ ಎಷ್ಟು ಕೊಡುತ್ತದೆ?" ಒಬ್ಬ 450 ಅನ್ನುತ್ತಾನೆ. ಇನ್ನೊಬ್ಬ, "ಅದು ಕಂಪೆನಿ ಹೇಳುವುದು, ಮುನ್ನೂರು ಬಂದರೆ ಪುಣ್ಯ" ಅನ್ನುತ್ತಾನೆ. ಕೊನೆಗೆ, ಕಂಪೆನಿಯವರೆಲ್ಲ ಸುಳ್ಳುಗಾರರು ಎಂದು ತೀರ್ಮಾನವಾಗಿ ಎಲ್ಲರೂ ಚಪ್ಪಲಿ ಹುಡುಕುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ವಿಷಯ ಅಷ್ಟು ಸರಳವಲ್ಲ ಎಂದು ನನಗೆ ಗೊತ್ತಾದದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ.

ನಮ್ಮದು ಹಣ್ಣಿನ ವ್ಯಾಪಾರ. ದಾಳಿಂಬೆಗಾಗಿ ನಾನು ಜತ್ತಕ್ಕೆ ಹೋಗುವುದು ಹೊಸತಲ್ಲ. ಹೆಸರಿಗೆ ಮಹಾರಾಷ್ಟ್ರವಾದರೂ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಮಳೆ ಕಡಿಮೆ, ಗಾಳಿ ಜೋರು. ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು. ಕಳೆದ ಜೂನ್ ಕೊನೆಯಲ್ಲಿ ಅಂಬೆ ಬಹಾರದ ಹಣ್ಣು ಇಳಿಯುವ ಸಮಯಕ್ಕೆ ತಂಗಿಯ ಮಗ, "ಮಾಮ, ಈ ಸಲ ನನ್ನ ಕಾರಿನಲ್ಲಿ ಹೋಗುವ" ಎಂದ. ಆರು ತಿಂಗಳ ಹಿಂದೆ ತೆಗೆದ ಇಲೆಕ್ಟ್ರಿಕ್ ಕಾರು. 40 ಯೂನಿಟ್ ಬ್ಯಾಟರಿ. ಕಾಗದದಲ್ಲಿ 450 ಕಿ.ಮೀ.

ಮೊದಲ ರಾತ್ರಿ ವಿಜಯಪುರದಲ್ಲಿ ಉಳಿದೆವು. ಬೆಳಿಗ್ಗೆ 96 ಶೇಕಡಾ ಚಾರ್ಜ್‌ನಲ್ಲಿ ಹೊರಟೆವು. ಅಂದಿನ ದಾರಿ ಹೀಗಿತ್ತು: ಜತ್ತಕ್ಕೆ ಸುಮಾರು 70 ಕಿ.ಮೀ., ಹಳ್ಳಿಗಳಲ್ಲಿ ನಾಲ್ಕೈದು ತೋಟ ಸುತ್ತಿ ಇನ್ನೊಂದು 65, ಅಲ್ಲಿಂದ ಪಶ್ಚಿಮಕ್ಕೆ ಕವಠೆ ಮಹಾಂಕಾಳ ಹಾದು ಮೀರಜ್. ಸಂಜೆ ಆರಕ್ಕೆ ಮೀರಜ್‌ನಲ್ಲಿ ಲಾರಿಯವನಿಗೆ ಮುಂಗಡ ಕೊಟ್ಟು ಲೋಡ್ ಗೊತ್ತುಮಾಡಬೇಕಿತ್ತು. ಒಟ್ಟು 215 ಕಿ.ಮೀ. 450 ಇರುವ ಗಾಡಿಗೆ ಇದೇನು ದೊಡ್ಡದು?

ಒಂದು ತೋಟದಲ್ಲಿ ಹಿರಿಯ ರೈತರೊಬ್ಬರು ಕಾರಿಗೆ ಒಂದು ಸುತ್ತು ಬಂದು ಕೇಳಿದರು: "ಇದಕ್ಕ ಎಣ್ಣಿ ಬ್ಯಾಡನ್ರಿ ಸಾಹೇಬ್ರ? ಎಷ್ಟ ದೂರ ಹೋಗತೈತ್ರಿ?"

"ನಾನೂರ ಐವತ್ತು" ಎಂದ ನಮ್ಮ ಹುಡುಗ.

"ಕಾಗದದಾಗೇನ್ರಿ, ಹಾದ್ಯಾಗೇನ್ರಿ?" ಎಂದು ನಕ್ಕರು. "ಕಾಗದದಾಗ ನಮ್ಮೂರಿಗೂ ನೀರ ಎಂದೋ ಬಂದೈತ್ರಿ."

ಕೃಷ್ಣಾ ನದಿಯಿಂದ ನೀರೆತ್ತುವ ಮೈಸಾಳ ಯೋಜನೆಗಾಗಿ ವರ್ಷಗಟ್ಟಲೆ ಕಾದ ಹಳ್ಳಿ ಅದು. ನೀರು ಸಿಗದೆ ರೋಸಿ 2012ರಲ್ಲಿ ಈ ತಾಲೂಕಿನ ಎಷ್ಟೋ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದ್ದವು. ಕಾಗದಕ್ಕೂ ನೆಲಕ್ಕೂ ಇರುವ ದೂರ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ತಿರುಗಿದೆವು. ಗಾಳಿ ಎದುರು. ಹೊರಗೆ ದೂಳು, ಒಳಗೆ ಎ.ಸಿ. ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ಸ್ಯಾಂಪಲ್ ಕ್ರೇಟ್‌ಗಳು. ಹೊತ್ತಾಯಿತೆಂದು ಹುಡುಗ ಗಂಟೆಗೆ 85-90ರಲ್ಲಿ ಓಡಿಸಿದ. ಚಾರ್ಜ್ ನೋಡನೋಡುತ್ತಲೇ ಇಳಿಯಿತು. ಕವಠೆ ಮಹಾಂಕಾಳದ ಹತ್ತಿರ ಬರುವಾಗ ಓಡಿದ್ದು 180 ಕಿ.ಮೀ., ಉಳಿದದ್ದು 9 ಶೇಕಡಾ. ಆ್ಯಪ್ ತೋರಿಸಿದ ಚಾರ್ಜರ್ ಇತ್ತು, ಅದಕ್ಕೆ ಕರೆಂಟ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಒಬ್ಬ ಅಂಗಡಿಯವರು ದೊಡ್ಡ ಮನಸ್ಸಿನಿಂದ ತಮ್ಮ 15 ಆಂಪ್ ಪ್ಲಗ್ ಬಿಟ್ಟುಕೊಟ್ಟರು. ಗಂಟೆಗೆ ಮೂರು ಯೂನಿಟ್. ಮೂರು ಗಂಟೆ ಕೂತೆವು. ಮೀರಜ್ ತಲುಪುವಾಗ ಲಾರಿ ಬೇರೆಯವರ ಲೋಡ್ ಹೊತ್ತು ಹೋಗಿಯಾಗಿತ್ತು.

ಆ ಮೂರು ಗಂಟೆಯಲ್ಲಿ ನಾನು ಹುಡುಗನ ಫೋನಿನಲ್ಲಿ ಓದಿದ್ದನ್ನು, ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು, 450 ಸುಳ್ಳಲ್ಲ. ಪುಣೆಯ ಎಆರ್‌ಎಐಯಂಥ ಸಂಸ್ಥೆಗಳು ಎಐಎಸ್-040 ಎಂಬ ನಿಯಮದಂತೆ ಅಳೆದು ಕೊಡುವ ಅಂಕಿ ಅದು. ಆದರೆ ಅಳೆಯುವುದು ರಸ್ತೆಯಲ್ಲಲ್ಲ. ಒಂದು ಕೋಣೆಯೊಳಗೆ ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಎ.ಸಿ. ಬಂದ್. ಹದವಾದ ಉಷ್ಣತೆ. ಎಷ್ಟು ಸೆಕೆಂಡಿಗೆ ಎಷ್ಟು ವೇಗ ಎಂಬುದಕ್ಕೆ ಒಂದು ಪಟ್ಟಿ ಇದೆ. ಅದರ ಹೆಸರು ಎಂಐಡಿಸಿ. ಅದರಲ್ಲಿ ಎರಡು ಭಾಗ. ಮೊದಲನೆಯದು ಪೇಟೆಯ ಓಡಾಟ: ವೇಗ 50 ದಾಟುವುದಿಲ್ಲ, ಸರಾಸರಿ ಗಂಟೆಗೆ 19ರ ಆಸುಪಾಸು. ಎರಡನೆಯದರಲ್ಲಿ ಮಾತ್ರ 90 ಮುಟ್ಟುತ್ತದೆ, ಅದೂ ಸ್ವಲ್ಪ ಹೊತ್ತು. ಹಲವು ವರ್ಷ ಇವಿ ಕಾರುಗಳ ರೇಂಜ್ ಹೇಳಿದ್ದು ಮೊದಲ ಭಾಗವನ್ನಷ್ಟೇ ಓಡಿಸಿ. ಈಗ ಎರಡೂ ಭಾಗ ಸೇರಿಸಿ ಹೇಳುತ್ತಾರೆ. ಇದರಿಂದ ಎಷ್ಟು ಬದಲಾಯಿತು ನೋಡಿ: 2024ರ ಆಗಸ್ಟ್‌ನಲ್ಲಿ ಟಾಟಾ ಕರ್ವ್ ಇವಿಯ ದೊಡ್ಡ ಬ್ಯಾಟರಿ ಮಾಡೆಲ್ ಬಂದಾಗ ಅಂಕಿ 585 ಇತ್ತು, ಎರಡೂ ಭಾಗ ಸೇರಿದಾಗ 502 ಆಯಿತು. ಬಳಸುವವರಿಗೆ ನಿಜವಾಗಿ ಸಿಗಬಹುದಾದದ್ದು 400ರಿಂದ 425 ಎಂದು ಕಂಪೆನಿಯೇ ಹೇಳಿತ್ತು. ಕಾರು ಒಂದೇ, ಬ್ಯಾಟರಿ ಒಂದೇ, ಅಂಕಿ ಮೂರು.

ಎರಡನೆಯದು, ಗಾಳಿ. ಕಾರು ಗಾಳಿಯನ್ನು ಸೀಳಲು ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50ರಿಂದ 90ಕ್ಕೆ ಹೋದರೆ ವೇಗ ಎರಡು ಪಟ್ಟೂ ಆಗುವುದಿಲ್ಲ, ಗಾಳಿಯ ತಡೆ ಮಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ನಮಗೆ ಆ ದಿನ ಗಂಟೆಗೆ 25 ಕಿ.ಮೀ. ವೇಗದ ಎದುರುಗಾಳಿ ಇತ್ತು ಎಂದಿಟ್ಟುಕೊಳ್ಳಿ. ನಾವು 85ರಲ್ಲಿ ಓಡಿದರೂ ಕಾರಿಗೆ ಅದು 110. ಪರೀಕ್ಷೆಯ 50ಕ್ಕೆ ಹೋಲಿಸಿದರೆ ಸುಮಾರು ಐದು ಪಟ್ಟು ತಡೆ. ಗುಡ್ಡದ ಮೇಲಿನ ಆ ರೆಕ್ಕೆಗಳನ್ನು ತಿರುಗಿಸಿ ಕರೆಂಟ್ ಹುಟ್ಟಿಸುವ ಗಾಳಿಯೇ ಕೆಳಗೆ ರಸ್ತೆಯಲ್ಲಿ ನಮ್ಮ ಕರೆಂಟ್ ತಿನ್ನುತ್ತಿತ್ತು.

ಮೂರನೆಯದು ನಮ್ಮ ಹಳೆಯ ಅಭ್ಯಾಸ. ಪೆಟ್ರೋಲ್ ಕಾರು ಪೇಟೆಯಲ್ಲಿ ಕಡಿಮೆ ಮೈಲೇಜ್, ಹೈವೇಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ. ನಾವು ಬಾಪನ ಕಾಲದಿಂದ ಕಂಡದ್ದು ಅದನ್ನೇ. ಇಲೆಕ್ಟ್ರಿಕ್ ಗಾಡಿಯಲ್ಲಿ ಇದು ತಲೆಕೆಳಗು. ಸಿಗ್ನಲ್‌ನಲ್ಲಿ ನಿಂತಾಗ ಮೋಟಾರು ಏನೂ ಕುಡಿಯುವುದಿಲ್ಲ. ಬ್ರೇಕ್ ಹಾಕಿದಾಗ ಒಂದಷ್ಟು ಕರೆಂಟ್ ಬ್ಯಾಟರಿಗೆ ಮರಳುತ್ತದೆ. ಹೈವೇಯಲ್ಲಿ ಬ್ರೇಕೂ ಇಲ್ಲ, ಮರಳಿಕೆಯೂ ಇಲ್ಲ, ಗಾಳಿಯ ಕಾಟ ಮಾತ್ರ. ಹಾಗಾಗಿ ಮಂಗಳೂರು ಪೇಟೆಯೊಳಗೆ ಓಡಿಸಿದವನು "ಒಳ್ಳೆಯ ರೇಂಜ್ ಉಂಟು" ಎಂದರೆ ಅದು ಅವನ ಮಟ್ಟಿಗೆ ನಿಜ. ಬೆಂಗಳೂರಿಗೆ ಹೊರಟವನಿಗೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ.

ಬೆಂಗಳೂರಿಗೆ ಹೋಗುವವರಿಗೆ ಘಾಟಿಯ ಲೆಕ್ಕವೂ ಇದೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಜನ, ಸಾಮಾನು ಸೇರಿ 1,800 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ ಸುಮಾರು ನಾಲ್ಕೂವರೆ ಯೂನಿಟ್ ಬೇಕು. ಓಡುವ ಖರ್ಚು ಬೇರೆ. ಇಳಿಯುವಾಗ ಒಂದು ಪಾಲು ವಾಪಸು ಬರುತ್ತದೆ, ಪೂರ್ತಿ ಅಲ್ಲ. ಎ.ಸಿ. ಒಂದೂವರೆ ಕಿಲೋವ್ಯಾಟ್ ಎಳೆದರೆ ಗಂಟೆಗೆ ಒಂದೂವರೆ ಯೂನಿಟ್. ಟ್ರಾಫಿಕ್‌ನಲ್ಲಿ ತೆವಳುತ್ತಾ ಹೋದಷ್ಟೂ ಕಿಲೋಮೀಟರಿಗೆ ಬೀಳುವ ಅದರ ಪಾಲು ಹೆಚ್ಚು. ಟಯರಿನಲ್ಲಿ ಗಾಳಿ ಕಡಿಮೆ ಇದ್ದರೆ, ಬ್ಯಾಟರಿಗೆ ವರ್ಷವಾದರೆ ಅದಕ್ಕೂ ಒಂದಿಷ್ಟು ಕಳೆಯಬೇಕು.

ಹಾಗಾದರೆ ಎಷ್ಟು ನಂಬಬೇಕು? ಅಮೆರಿಕದಲ್ಲಿ ಇಪಿಎ ಎಂಬ ಸರಕಾರಿ ಸಂಸ್ಥೆ ಪ್ರಯೋಗಾಲಯದಲ್ಲಿ ಬಂದ ಅಂಕಿಯನ್ನು ಸಾಮಾನ್ಯವಾಗಿ 0.7ರಿಂದ ಗುಣಿಸಿ ಆಮೇಲೆ ಕಾರಿನ ಚೀಟಿಯಲ್ಲಿ ಹಾಕಿಸುತ್ತದೆ. ಅಲ್ಲಿನ ಪರೀಕ್ಷೆಯೇ ಬೇರೆಯಾದರೂ ಆ ಗುಣಾಕಾರವನ್ನು ನಾವು ಮನೆಯಲ್ಲೇ ಮಾಡಬಹುದು. 450ಕ್ಕೆ ಏಳು ಹತ್ತಾಂಶ 315. ಅದೂ ಪೂರ್ತಿ ಸಿಗುವುದಿಲ್ಲ. ದೂರದ ಪ್ರಯಾಣದಲ್ಲಿ ಬ್ಯಾಟರಿ 20 ಶೇಕಡಾಕ್ಕಿಂತ ಕೆಳಗಿಳಿಯಲು ಧೈರ್ಯವಾಗುವುದಿಲ್ಲ. 80ರ ಮೇಲೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೆ ಕಿತ್ತು ಹೊರಡುತ್ತೇವೆ. ಅಂದರೆ ಒಂದು ಚಾರ್ಜರಿನಿಂದ ಇನ್ನೊಂದಕ್ಕೆ ಕೈಗೆ ಸಿಗುವುದು ನೂರರಲ್ಲಿ ಅರವತ್ತು. 315ರಲ್ಲಿ ಅರವತ್ತು ಶೇಕಡಾ ಎಂದರೆ 189. ಶೋರೂಮಿನ 450, ಕುಟುಂಬ ಕರೆದುಕೊಂಡು ಹೊರಟಾಗ ಎರಡು ಚಾರ್ಜರ್‌ಗಳ ನಡುವಿನ 190. ಎರಡೂ ಒಂದೇ ಕಾರಿನ ಅಂಕಿ.

ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಮೂವತ್ತು ವರ್ಷದಿಂದ ತೋಟ ಕೊಳ್ಳುತ್ತಿದ್ದೇನೆ. "ಗಿಡಕ್ಕೆ ಇಪ್ಪತ್ತು ಕಿಲೋ" ಎಂದು ರೈತ ಹೇಳಿದರೆ ಹೂಂ ಎಂದು ದುಡ್ಡು ಎಣಿಸುವುದಿಲ್ಲ. ತೋಟದ ನಡುವಿಗೆ ಹೋಗಿ ನಾಲ್ಕು ಗಿಡದ ಕಾಯಿ ಎಣಿಸುತ್ತೇನೆ. ಚುಕ್ಕೆ ಬಿದ್ದದ್ದು, ಒಡೆದದ್ದು, ಲಾರಿಯಲ್ಲಿ ಜಜ್ಜುವುದು, ಮಂಗಳೂರು ಮುಟ್ಟುವಾಗ ಒಣಗಿ ಕಡಿಮೆಯಾಗುವ ತೂಕ ಎಲ್ಲ ಕಳೆದು ರೇಟು ಹೇಳುತ್ತೇನೆ. ರೈತ ಹೇಳಿದ ಇಪ್ಪತ್ತು ಸುಳ್ಳಲ್ಲ, ಒಳ್ಳೆಯ ಗಿಡದ ಲೆಕ್ಕ ಅದು. ನನ್ನ ಲೆಕ್ಕ ಮಾರುಕಟ್ಟೆ ಮುಟ್ಟುವ ಹಣ್ಣಿನದು. ಹಣ್ಣಿನಲ್ಲಿ ಇಷ್ಟು ಎಚ್ಚರ ಇರುವ ನಮ್ಮ ಮನೆ, ಹದಿನೈದು ಲಕ್ಷದ ಗಾಡಿಯನ್ನು ಒಂದು ಚೀಟಿಯ ಅಂಕಿ ನೋಡಿ ಕೊಂಡಿತ್ತು.

ಲಾರಿ ತಪ್ಪಿ ಆದ ನಷ್ಟ ಸಣ್ಣದು. ದೊಡ್ಡದು ಆಗುವುದರಲ್ಲಿತ್ತು. ಹುಡುಗ ಮುಂದಿನ ತಿಂಗಳು ಒಂದು ಇಲೆಕ್ಟ್ರಿಕ್ ಗೂಡ್ಸ್ ಆಟೊ ತೆಗೆಯುವವನಿದ್ದ. ಮುಂಗಡಕ್ಕೆ ತಂಗಿ ತನ್ನ ಬಳೆ ಅಡವಿಡಲು ಒಪ್ಪಿದ್ದಳು. ಗಾಡಿಯ ಅಂಕಿ 150 ಕಿ.ಮೀ. ಮಾರುಕಟ್ಟೆಯಿಂದ ದೇರಳಕಟ್ಟೆ, ಉಳ್ಳಾಲ, ಸುರತ್ಕಲ್ ಎಂದು ದಿನಕ್ಕೆ ಎರಡು ಸುತ್ತು, ಒಟ್ಟು 120 ಕಿ.ಮೀ. ಬಾಡಿಗೆ ಬಂದರೆ ಕಂತು ಕಟ್ಟಿ ಮನೆಗೂ ಉಳಿಯುತ್ತದೆ ಎಂಬುದು ಅವನ ಲೆಕ್ಕ. ಅಲ್ಲೇ ಕುರ್ಚಿಯಲ್ಲಿ ಕೂತು ಗುಣಿಸಿದ: 105. ಎರಡನೆಯ ಸುತ್ತಿನ ಕೊನೆಯ 15 ಕಿ.ಮೀ. ಇಲ್ಲ. ಆ 15 ಕಿಲೋಮೀಟರಿನಲ್ಲೇ ತಿಂಗಳ ಕಂತು ಇತ್ತು.

ಅವನು ಗಾಡಿ ತೆಗೆಯಲಿಲ್ಲ ಎಂದುಕೊಳ್ಳಬೇಡಿ. ತೆಗೆದ. ಆದರೆ ಮೊದಲು ಮಾರುವವರಿಂದ ಒಂದು ದಿನಕ್ಕೆ ಗಾಡಿ ಕೇಳಿ ಪಡೆದು, ತುಂಬಿದ ಕ್ರೇಟ್‌ಗಳ ಜೊತೆ ತನ್ನದೇ ದಾರಿಯಲ್ಲಿ ಓಡಿಸಿ ನೋಡಿದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಒಂದೂವರೆ ಗಂಟೆ ಪ್ಲಗ್ ಹಾಕಿದರೆ ಎರಡನೆಯ ಸುತ್ತು ಮುಗಿಯುತ್ತದೆ ಎಂದು ಖಾತ್ರಿ ಮಾಡಿಕೊಂಡ. ಈಗ ಕಂತು ತಪ್ಪುತ್ತಿಲ್ಲ, ಪೆಟ್ರೋಲಿನ ಖರ್ಚೂ ಇಲ್ಲ. ಬಳೆ ಬಿಡಿಸಲು ಇನ್ನೂ ಸಮಯ ಬೇಕು.

ಹಾಗಾಗಿ ನಾನು ಇಲೆಕ್ಟ್ರಿಕ್ ಗಾಡಿಯ ವಿರೋಧಿ ಅಲ್ಲ. ಪೇಟೆಯೊಳಗೆ ಓಡಾಡುವವರಿಗೆ ಅದಕ್ಕಿಂತ ಅಗ್ಗದ ಓಟ ಇಲ್ಲ. ನನ್ನ ತಕರಾರು ಇಷ್ಟೆ: ಯಾರೂ ಓಡಿಸದ ರೀತಿಯಲ್ಲಿ ಓಡಿಸಿ ಪಡೆದ ಅಂಕಿಯನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು, ನಾವು ಓಡಿಸುವ ರೀತಿಯ ಅಂಕಿಯನ್ನು ಕೇಳಿದರೆ ಮಾತ್ರ ಹೇಳುವುದು ಸರಿಯಲ್ಲ. ಮಾಡಲು ಆಗದ ಕೆಲಸವೇನೂ ಅಲ್ಲ. ಬೆಂಗಳೂರಿನ ಏಥರ್ ತನ್ನ ಸ್ಕೂಟರ್‌ಗೆ 2022ರಲ್ಲೇ ಎರಡು ಅಂಕಿ ಕೊಟ್ಟಿತ್ತು: ಪರೀಕ್ಷೆಯದು 146, ರಸ್ತೆಯದು 105. ಎಲ್ಲ ಗಾಡಿಗೂ ಹೀಗೆ ಎರಡು ಅಂಕಿ, ಒಂದೇ ಗಾತ್ರದ ಅಕ್ಷರದಲ್ಲಿ ಬರೆಯಬೇಕೆಂದು ನಿಯಮವೇ ಬರಬೇಕು. ಎ.ಸಿ. ಹಾಕಿ, ಗಂಟೆಗೆ 90ರಲ್ಲಿ ಎಷ್ಟು ಎಂದು.

ಅಲ್ಲಿಯವರೆಗೆ ಅಂಕಿ ಕೇಳುವ ಕೆಲಸ ನಮ್ಮದು. ಮುಂದಿನ ಸಲ ಯಾರಾದರೂ "450 ಕೊಡುತ್ತದೆ" ಎಂದರೆ ಸುಳ್ಳುಗಾರ ಎನ್ನಬೇಡಿ. ಎಷ್ಟು ವೇಗದಲ್ಲಿ, ಎಷ್ಟು ಜನರ ಜೊತೆ, ಯಾವ ದಾರಿಯಲ್ಲಿ ಎಂದು ಕೇಳಿ. ಮತ್ತೆ ಗಾಡಿಗೆ ದುಡ್ಡು ಕೊಡುವ ಮೊದಲು ಜತ್ತದ ಆ ಹಿರಿಯರು ಕೇಳಿದ್ದನ್ನು ಶೋರೂಮಿನಲ್ಲಿ ಒಮ್ಮೆ ಕೇಳಿಬಿಡಿ: ಕಾಗದದಲ್ಲೋ, ಹಾದಿಯಲ್ಲೋ?