ಗಾಳಿ ನಿಂತ ಗಂಟೆಗಳ ಲೆಕ್ಕ ಎಲ್ಲಿ?

ಘಟ್ಟದವರಿಗೆ ಭೀಮಾ ತೀರದ ಹೊಗೆಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಚಳಿಗಾಲದ ಬೆಳಗಿನಲ್ಲಿ ಒಲೆಯ ಹೊಗೆ ಮಾಡಿನ ಎತ್ತರಕ್ಕೇ ಚಪ್ಪಟೆಯಾಗಿ ಹರಡಿ ನಿಲ್ಲುವುದನ್ನು ಕಣಿವೆಯಲ್ಲಿ ಬದುಕುವ ನಾವು ಬಲ್ಲೆವು. ನೆಲ ತಣಿದು, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತರೆ ಹೊಗೆಗೆ ದಾರಿಯಿಲ್ಲ. ಅಫಜಲಪುರ ತಾಲ್ಲೂಕಿನ ಮಣ್ಣೂರದಂತಹ ಬಯಲಿನಲ್ಲೂ ಮೋಡವಿಲ್ಲದ ಚಳಿಯ ರಾತ್ರಿ ನಡೆಯುವುದು ಇದೇ.

2006ರ ಪರಿಸರ ಪರಿಣಾಮ ಅಧಿಸೂಚನೆಯು ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆಯಿಂದ ತೃಪ್ತಿಪಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಅಳೆದರೂ ನಡೆದೀತು. ಆಗ ಎರೆನೆಲ ಕಾದು, ಗಾಳಿ ಬಹು ಎತ್ತರದವರೆಗೆ ಕಲಕಿ, ಹೊಗೆ ತೆಳುವಾಗುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದಾದರೋ ಚಳಿಗಾಲದಲ್ಲಿ. ಹೊಲದ ರವದಿಗೆ ಬೆಂಕಿ ಬೀಳುವುದೂ ಆಗಲೇ. ಕಾರ್ಖಾನೆ ಮಲಗಿದ ಕಾಲದ ಹವೆಯನ್ನು ಅದು ಓಡುವ ಕಾಲಕ್ಕೆ ಹೊಂದಿಸುವುದು ಯಾವ ವಿಜ್ಞಾನ?

ಇನ್ನು ಗಣಕಮಾದರಿಗಳ ಸಂಗತಿ. ಇವುಗಳ ಮೂಲವಾದ ಗಾಸಿಯನ್ ಸೂತ್ರದಲ್ಲಿ ಗಾಳಿಯ ವೇಗದಿಂದ ಭಾಗಿಸಬೇಕು. ವೇಗ ಸೊನ್ನೆಯಾದರೆ ಉತ್ತರ ಅನಂತ. ಆದ್ದರಿಂದ ಐಎಸ್‌ಸಿಎಸ್‌ಟಿ-3, ಏರ್‌ಮಾಡ್‌ನಂತಹ ಮಾದರಿಗಳು ನಿಶ್ಚಲ ಗಂಟೆಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತವೆ. ಉಸಿರು ಕಟ್ಟುವ ಗಂಟೆಯೇ ಸರಾಸರಿಯಿಂದ ಹೊರಗೆ! ಮಾದರಿ ಕಟ್ಟಿದವರು ಈ ಮಿತಿಯನ್ನು ಮುಚ್ಚಿಟ್ಟಿಲ್ಲ. ಅದನ್ನು ಬಳಸುವವರು ಹೇಳುವುದು ಅಪರೂಪ. ಎತ್ತರದ ಚಿಮಣಿಯ ಹೊಗೆ ರಾತ್ರಿಯಿಡೀ ಮೇಲೆ ತೇಲಿ, ಬಿಸಿಲೇರುತ್ತಲೇ ಒಮ್ಮೆಲೇ ನೆಲಕ್ಕಿಳಿಯುವುದೂ ಉಂಟು. 24 ಗಂಟೆಗಳ ಸರಾಸರಿಯಲ್ಲಿ ಆ ಸ್ವಲ್ಪ ಹೊತ್ತು ಕರಗಿಹೋಗುತ್ತದೆ, ಅದನ್ನು ಉಸಿರಾಡಿದವರ ಎದೆಯಲ್ಲಿ ಕರಗುವುದಿಲ್ಲ.

ಇದರ ಮೇಲೆ ನಗರದ ಹವೆಯನ್ನು ಹಳ್ಳಿಗೆ ಹಚ್ಚಿದರೆ ತಪ್ಪು ಇಮ್ಮಡಿಸುತ್ತದೆ. ಕಲಬುರಗಿಯ ಕಾಂಕ್ರೀಟು, ಡಾಂಬರು ಹಗಲಿನ ಕಾವನ್ನು ರಾತ್ರಿ ಬಿಡುತ್ತ ಕೆಳಗಿನ ಗಾಳಿಯನ್ನು ತುಸುವಾದರೂ ಕಲಕುತ್ತವೆ. ಮಣ್ಣೂರದ ಹೊಲಗಳಿಗೆ ಆ ಭಾಗ್ಯವಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡಗಳೊಡನೆ ಕಲಬುರಗಿಯೂ ಸೇರಿದೆ. ಅದು ನಗರಗಳ ಪಟ್ಟಿ. ಹಳ್ಳಿಗೆ ಅಲ್ಲಿ ಜಾಗವಿಲ್ಲ. (ನಗರದಲ್ಲೂ ಮಳೆ ಹೆಚ್ಚಾದ ವರ್ಷ ಧೂಳು ಇಳಿದರೆ ಅದು ಮಳೆರಾಯನ ಸಾಧನೆ, ಪಾಲಿಕೆಯದಲ್ಲ.)

ಸಾರ್ವಜನಿಕ ಅಹವಾಲು ಸಭೆಗೆ ಹೋಗುವ ಭೀಮಾ ತೀರದ ಬಂಧುಗಳು ವರದಿಯ ದಪ್ಪಕ್ಕೆ ಅಂಜದೆ ಕೇಳಲಿ: ಈ ಹವೆಯ ಅಂಕಿ ಯಾವ ಊರಿನದು? ಯಾವ ತಿಂಗಳಿನದು? ನಿಶ್ಚಲವೆಂದು ಬಿಟ್ಟ ಗಂಟೆಗಳೆಷ್ಟು, ಅವುಗಳಲ್ಲಿ ರಾತ್ರಿಯವೆಷ್ಟು?