ಭಾವಚಿತ್ರಕ್ಕೆ ಯಾವ ಉಡುಪು?

ಕ್ರಿಸ್ತಜಯಂತಿ ಸಮೀಪಿಸಿತೆಂದರೆ ದೂರದ ಊರುಗಳಲ್ಲಿ ದುಡಿಯುವ ಮಕ್ಕಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಮ್ಮ ಮನೆಗಳಿಗೆ ಮರಳುತ್ತಾರೆ. ಎಲ್ಲರೂ ಕೂಡಿರುವಾಗಲೇ ಕುಟುಂಬದ ಭಾವಚಿತ್ರವೊಂದನ್ನು ತೆಗೆಸಬೇಕೆಂಬ ಆಸೆ ಮೂಡುವುದು ಸಹಜ. ಒಡನೆಯೇ ಏಳುವ ಪ್ರಶ್ನೆ: ಏನು ಉಡುವುದು? ಇದು ಕ್ಷುಲ್ಲಕ ಪ್ರಶ್ನೆಯೆಂದು ನಾವೂ ಬಹುಕಾಲ ಭಾವಿಸಿದ್ದೆವು. ಒಂದು ಮನೆಯಲ್ಲಿ ಕಂಡ ಪ್ರಸಂಗ ನಮ್ಮ ಅಭಿಪ್ರಾಯವನ್ನು ಬದಲಿಸಿತು.

ಆ ಮನೆಯ ಹನ್ನೊಂದು ಮಂದಿಗೂ ತಿಳಿನೀಲಿ ಬಣ್ಣದ ಉಡುಪೇ ಆಗಬೇಕೆಂದು ಮಕ್ಕಳು ನಿಶ್ಚಯಿಸಿದ್ದರು. ಅಜ್ಜಿಗೂ ಹೊಸ ಸೀರೆ ಬಂದಿತ್ತು. ಅವರಾದರೋ ಮಗನ ಮದುವೆಯಲ್ಲಿ ಉಟ್ಟಿದ್ದ ಕೆಂಪು ರೇಷ್ಮೆ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದು ಉಟ್ಟು ಬಂದರು. "ಅಜ್ಜಿ, ನೀನೊಬ್ಬಳೇ ಬೇರೆ ಕಾಣ್ತೀಯ" ಎಂದಳು ಮೊಮ್ಮಗಳು. "ಆಗ್ಲಿ ಬಿಡವ್ವ, ನೀವೆಲ್ಲ ತೆಗೆಸ್ಕಳಿ. ನಾನು ಇಲ್ಲೇ ಕೂತಿರ್ತೀನಿ" ಎಂದು ಅಜ್ಜಿ ಜಗುಲಿಗೆ ಸರಿದರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಬೆಳಕು ಇಳಿಯುತ್ತಿತ್ತು, ಛಾಯಾಗ್ರಾಹಕರಿಗೆ ಅವಸರವಿತ್ತು. ಚಿತ್ರ ಹತ್ತು ಮಂದಿಯದಾಯಿತು. ಮರುವರ್ಷ ಅಜ್ಜಿ ತೀರಿಕೊಂಡಾಗ, ಶವಪೆಟ್ಟಿಗೆಯ ಬಳಿ ಇಡಲು ಅವರದೊಂದು ಭಾವಚಿತ್ರಕ್ಕಾಗಿ ಮನೆಯೆಲ್ಲ ಹುಡುಕಿದರು. ದೊರೆತದ್ದು ಮತದಾರರ ಗುರುತಿನ ಚೀಟಿಯ ಮೇಲಿನ ಮಸುಕು ಮುಖ ಮಾತ್ರ.

ಉಡುಪಿನ ಬಣ್ಣದ ಮೇಲೆ ಕ್ಯಾಮೆರಾವೇ ಕಟ್ಟುಪಾಡು ವಿಧಿಸುತ್ತಿದ್ದ ಕಾಲವೊಂದಿತ್ತು. 19ನೇ ಶತಮಾನದಲ್ಲಿ ಚಿತ್ರ ಹಿಡಿಯಲು ಬಳಸುತ್ತಿದ್ದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಚುರುಕಾಗಿ ಸ್ಪಂದಿಸುತ್ತಿದ್ದವು. ಕೆಂಪು ಬೆಳಕು ಅವುಗಳ ಮೇಲೆ ಮೂಡುತ್ತಲೇ ಇರಲಿಲ್ಲ. ಹೀಗಾಗಿ ನೀಲಿ ಬಟ್ಟೆ ಬಿಳುಪಾಗಿಯೂ ಕೆಂಪು ಬಟ್ಟೆ ಕಪ್ಪಾಗಿಯೂ ಕಾಣುತ್ತಿತ್ತು. ಇಂದಿನ ಕ್ಯಾಮೆರಾ ಎಲ್ಲ ಬಣ್ಣಗಳನ್ನೂ ಗ್ರಹಿಸಬಲ್ಲದು. ಎಲ್ಲರೂ ಒಂದೇ ಬಣ್ಣ ಉಡಬೇಕೆಂಬುದು ಈಗ ಅನಿವಾರ್ಯವಲ್ಲ, ಕೇವಲ ರೂಢಿ. ಅನಿವಾರ್ಯತೆಗೆ ತಲೆಬಾಗಲೇಬೇಕು, ರೂಢಿಯನ್ನಾದರೋ ಪ್ರಶ್ನಿಸಬಹುದು.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಉಡುಪಿನ ವಿಷಯವನ್ನೂ ತಮ್ಮ ಮಹಾಗ್ರಂಥದಲ್ಲಿ ಚರ್ಚಿಸಿದ್ದಾರೆ. ದೋಷವಿರುವುದು ವಸ್ತ್ರದಲ್ಲಲ್ಲ, ಅದನ್ನು ಮಿತಿಮೀರಿ ಬಳಸುವ ಮನುಷ್ಯನಲ್ಲಿ ಎಂಬುದು ಅವರ ವಾದದ ತಿರುಳು. ಉಡುಪಿನ ಬಗೆಗಿನ ಅಸಡ್ಡೆಯನ್ನೂ ಅವರು ದೋಷವೆಂದೇ ಎಣಿಸಿದರು. ಆದುದರಿಂದ ಅಂದವಾಗಿ ಉಡಬೇಡಿರೆಂದು ನಾವು ಹೇಳುತ್ತಿಲ್ಲ. ಆದಿಕಾಂಡದಲ್ಲಿ ಯಕೋಬನು ಜೋಸೆಫನೊಬ್ಬನಿಗೇ ವಿಶೇಷ ನಿಲುವಂಗಿಯನ್ನು ಮಾಡಿಸಿಕೊಟ್ಟಾಗ ಅಣ್ಣಂದಿರ ಮನಸ್ಸು ಕಹಿಯಾಯಿತು. ಒಬ್ಬನನ್ನು ಎತ್ತಿ ತೋರಿಸಿದ ಬಟ್ಟೆ ಆ ಮನೆಯನ್ನು ಒಡೆಯಿತು. ಎಲ್ಲರನ್ನೂ ಒಂದಾಗಿ ತೋರಿಸಬೇಕಾದ ಬಟ್ಟೆ ಒಬ್ಬರನ್ನು ಹೊರಗಿಟ್ಟರೆ, ಆ ಒಂದಾಗುವಿಕೆಗೆ ಅರ್ಥವೇನು?

ಹಾಗಾದರೆ ಮಾಡಬೇಕಾದುದೇನು? ಮನೆಯ ಹಿರಿಯರು ಏನು ಉಡಲು ಇಚ್ಛಿಸುತ್ತಾರೆಂದು ಮೊದಲು ಕೇಳಿರಿ. ಉಳಿದವರು ಅದಕ್ಕೆ ಹೊಂದಿಕೊಳ್ಳಲಿ. ಅಜ್ಜಿಯ ಸೀರೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ಮಗ್ಗದಲ್ಲಿ ನೇಯ್ದ ರೇಷ್ಮೆಯಾಗಿದ್ದರೆ, ಅದರ ಅಂಚಿನ ಬಣ್ಣವನ್ನೇ ಮೊಮ್ಮಕ್ಕಳು ಆರಿಸಿಕೊಳ್ಳಬಹುದು. ಅಜ್ಜನ ಹೆಗಲ ಮೇಲೆ ಶಿರಾ ಸೀಮೆಯ ಉಣ್ಣೆಯ ಕಂಬಳಿ ಇದ್ದರೆ ಅದು ಅಲ್ಲಿಯೇ ಇರಲಿ. ಅವರ ದುಡಿಮೆಯ ಬದುಕನ್ನು ಎರವಲು ಕೋಟಿಗಿಂತ ಅದೇ ಚೆನ್ನಾಗಿ ಹೇಳುತ್ತದೆ. ಸಾಲ ಮಾಡಿ ಹೊಸ ಬಟ್ಟೆ ಕೊಳ್ಳುವುದು ಸಲ್ಲದು. ಒಗೆದು ಇಸ್ತ್ರಿ ಮಾಡಿದ ಹಳೆಯ ಉಡುಪಿನಲ್ಲಿ ಮೈಯೂ ಮುಖವೂ ಸಹಜವಾಗಿರುತ್ತವೆ. ತೀರ ಸಣ್ಣ ಚೌಕಳಿ, ಒತ್ತಾದ ಗೆರೆಗಳ ಬಟ್ಟೆ ಡಿಜಿಟಲ್ ಚಿತ್ರದಲ್ಲಿ ಅಲೆಅಲೆಯಾಗಿ ಕದಡಿದಂತೆ ಕಾಣಬಹುದು. ನಡುಹಗಲಿನ ಬಿಸಿಲಿನಲ್ಲಿ ಅಚ್ಚ ಬಿಳುಪು ಕಣ್ಣು ಕುಕ್ಕುತ್ತದೆ, ಮುಖಗಳು ಕಪ್ಪಿಡುತ್ತವೆ. ಬೆಳಗಿನ ಅಥವಾ ಸಂಜೆಯ ಬೆಳಕೇ ಲೇಸು.

ಭಾವಚಿತ್ರವು ನಮ್ಮ ಕಾಲಾನಂತರವೂ ಗೋಡೆಯ ಮೇಲಿರುತ್ತದೆ. ಮುಂದೆ ಅದನ್ನು ನೋಡುವ ಮಕ್ಕಳು ಬಟ್ಟೆಯ ಬಣ್ಣ ಕೂಡಿತ್ತೇ ಎಂದು ಕೇಳುವುದಿಲ್ಲ, "ಇವರು ಯಾರು?" ಎಂದು ಕೇಳುತ್ತಾರೆ. ಆದುದರಿಂದ ಈ ಸಲ ಛಾಯಾಗ್ರಾಹಕರು ಕ್ಯಾಮೆರಾ ಎತ್ತುವ ಮುನ್ನ ಮನೆಯವರು ಒಮ್ಮೆ ತಲೆ ಎಣಿಸಲಿ. ಜಗುಲಿಯಲ್ಲಿ ಯಾರಾದರೂ ಕುಳಿತಿದ್ದರೆ, ಅವರು ಉಟ್ಟ ಬಟ್ಟೆಯಲ್ಲಿಯೇ ಕೈಹಿಡಿದು ಕರೆತಂದು ನಡುವೆ ಕೂರಿಸಲಿ.